ಪಾಪರ್ ಅರ್ಜಿಗೆ ಸಹಿ ಹಾಕುವ ಮುನ್ನ: ಸಾಲಗಾರರೂ ಜಾಮೀನುದಾರರೂ ತಿಳಿದಿರಬೇಕಾದ್ದು

ವ್ಯಾಪಾರ ಕುಸಿದ ಮನೆಯಲ್ಲಿ ಒಂದಲ್ಲ ಒಂದು ದಿನ ಈ ಮಾತು ಬರುತ್ತದೆ: "ಇನ್ನು ಆಗೋದಿಲ್ಲ, ಪಾಪರ್ ಹಾಕಿಬಿಡೋಣ." ಬಳ್ಳಾರಿ, ರಾಯಚೂರು ಕಡೆ ಇದನ್ನೇ ಐ.ಪಿ. ಹಾಕುವುದು ಎನ್ನುತ್ತಾರೆ. ಹೇಳುವವರ ಮನಸ್ಸಿನಲ್ಲಿರುವುದು ಒಂದೇ. ಕೋರ್ಟಿಗೆ ಒಂದು ಅರ್ಜಿ ಕೊಟ್ಟರೆ ಸಾಲಗಳೆಲ್ಲ ರದ್ದಾಗುತ್ತವೆ, ಬಾಗಿಲಿಗೆ ಬರುವವರು ನಿಲ್ಲುತ್ತಾರೆ, ಹೊಸದಾಗಿ ಬದುಕು ಶುರು ಮಾಡಬಹುದು. ಅಮೆರಿಕದಲ್ಲಿರುವ ಮಗನೋ ಅಳಿಯನೋ ಅಲ್ಲಿ ಕೆಲವೇ ತಿಂಗಳಲ್ಲಿ ಸಾಲಮುಕ್ತರಾದವರ ಕಥೆ ಹೇಳಿದರೆ ಈ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ.

ನಮ್ಮ ರಾಜ್ಯದಲ್ಲಿ ಕಾನೂನು ಹಾಗೆ ಇಲ್ಲ. ಇಲ್ಲಿ ದಿವಾಳಿ ಅರ್ಜಿ ಮೊದಲು ಮಾಡುವ ಕೆಲಸ ಸಾಲ ಅಳಿಸುವುದಲ್ಲ, ಆಸ್ತಿಯನ್ನು ಕೋರ್ಟಿನ ಕೈಗೆ ಒಪ್ಪಿಸುವುದು. ಸಾಲದಿಂದ ಬಿಡುಗಡೆ ಆಮೇಲಿನ ಮಾತು. ಅದು ಸಿಗುವುದೂ ಬಿಡುವುದೂ ಅರ್ಜಿ ಹಾಕುವುದಕ್ಕೆ ಎರಡು ಮೂರು ವರ್ಷ ಮೊದಲು ನಾವು ಹೇಗೆ ನಡೆದುಕೊಂಡಿದ್ದೆವು ಎನ್ನುವುದರ ಮೇಲೆ ನಿಂತಿದೆ. ಜೊತೆಗೆ, ನಮಗಾಗಿ ಜಾಮೀನು ನಿಂತವರಿಗೆ ಈ ಅರ್ಜಿಯಿಂದ ಯಾವ ರಕ್ಷಣೆಯೂ ಇಲ್ಲ. ನಮ್ಮ ಸಮಾಜದಲ್ಲಿ ಸಾಲ ಎಂದರೆ ಬ್ಯಾಂಕ್ ಒಂದೇ ಅಲ್ಲ. ಸೋದರಮಾವನ ಸಹಿ, ಬೀಗರ ಕೈಗಡ, ಊರಿನ ಸೌಹಾರ್ದ ಸಹಕಾರಿಯ ಜಾಮೀನು ಸಾಲ, ಇವೆಲ್ಲ ಸೇರಿರುತ್ತವೆ. ಹಾಗಾಗಿ ಈ ವಿಷಯವನ್ನು ಸಾಲಗಾರನೊಬ್ಬನ ವಿಷಯವಾಗಿ ನೋಡಲಾಗದು.

ನೂರು ವರ್ಷ ದಾಟಿದ ಕಾನೂನು

2016ರಲ್ಲಿ ಸಂಸತ್ತು ದಿವಾಳಿ ಸಂಹಿತೆ (ಐ.ಬಿ.ಸಿ.) ತಂದಿತು. ಅದರ ಮೂರನೇ ಭಾಗ ವ್ಯಕ್ತಿಗಳಿಗೂ ಪಾಲುದಾರಿಕೆ ಸಂಸ್ಥೆಗಳಿಗೂ ಸಂಬಂಧಿಸಿದ್ದು. ಕಂಪನಿಗಳ ಭಾಗ ಬೇಗನೆ ಜಾರಿಗೆ ಬಂತು, ದೊಡ್ಡ ದೊಡ್ಡ ಉದ್ಯಮಗಳ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಸಾಮಾನ್ಯ ವ್ಯಕ್ತಿಯ ಭಾಗ ಮಾತ್ರ ಕಾಗದದ ಮೇಲೆಯೇ ಉಳಿಯಿತು. 2019ರ ಡಿಸೆಂಬರ್ 1ರಿಂದ ಅದನ್ನು ಒಂದು ವರ್ಗಕ್ಕೆ ಮಾತ್ರ ಅನ್ವಯಿಸಲಾಯಿತು: ಕಂಪನಿಯ ಸಾಲಕ್ಕೆ ವೈಯಕ್ತಿಕ ಜಾಮೀನು ಕೊಟ್ಟವರಿಗೆ. ತೀರಾ ಬಡವರ ಸಣ್ಣ ಸಾಲಗಳನ್ನು ತೊಡೆದುಹಾಕಲು ಅದೇ ಸಂಹಿತೆಯಲ್ಲಿ 'ಹೊಸ ಆರಂಭ' ಎಂಬ ಅಧ್ಯಾಯವಿದೆ. ಅದೂ ಜಾರಿಯಾಗಿಲ್ಲ. ಆಗಿದ್ದರೂ ವರ್ಷದ ಆದಾಯ 60,000 ರೂಪಾಯಿ ಮೀರಬಾರದು, ಆಸ್ತಿ 20,000 ಮೀರಬಾರದು, ಸಾಲ 35,000 ಮೀರಬಾರದು, ಸ್ವಂತ ಮನೆ ಇರಬಾರದು ಎಂಬ ಷರತ್ತುಗಳಿವೆ. ಈ ಅಳತೆಗೆ ಹೊಂದುವ ಅಂಗಡಿಕಾರ ಯಾವ ಊರಿನಲ್ಲಿದ್ದಾನೋ ಕಾಣೆ.

ಹೀಗಾಗಿ ಅಂಗಡಿ ಇಟ್ಟವರು, ಸಂಬಳದವರು, ಕೃಷಿಕರು ದಿವಾಳಿ ಅರ್ಜಿ ಹಾಕಬೇಕೆಂದರೆ ಇಂದಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯಡಿ ಸಿವಿಲ್ ಕೋರ್ಟಿಗೇ ಹೋಗಬೇಕು. ಸಾಲ 500 ರೂಪಾಯಿ ಇದ್ದರೆ ಸಾಕು ಎನ್ನುತ್ತದೆ ಆ ಕಾಯ್ದೆ. ಅದು ಯಾವ ಕಾಲದ್ದೆಂದು ತಿಳಿಯಲು ಆ ಅಂಕಿಯೊಂದೇ ಸಾಕು.

ಇಲ್ಲೊಂದು ಮಾತು. ನಾವು ಆಡುಮಾತಿನಲ್ಲಿ ಪಾಪರ್ ಅರ್ಜಿ ಎಂದರೂ ಕೋರ್ಟಿನಲ್ಲಿ ಆ ಪದಕ್ಕೆ ಬೇರೆ ಅರ್ಥವಿದೆ. ಕೋರ್ಟ್ ಶುಲ್ಕ ಕಟ್ಟಲು ಶಕ್ತಿಯಿಲ್ಲದವರು ಶುಲ್ಕವಿಲ್ಲದೆ ದಾವೆ ಹೂಡುವ ಅರ್ಜಿಗೆ ಹಿಂದಿನಿಂದ ಆ ಹೆಸರು. ಸಾಲ ತೀರಿಸಲಾಗದವರ ಅರ್ಜಿ ದಿವಾಳಿ ಅರ್ಜಿ, ಇನ್‌ಸಾಲ್ವೆನ್ಸಿ ಪಿಟಿಷನ್. ಐ.ಪಿ. ಎನ್ನುವುದು ಅದರ ಚುಟುಕು.

ಅರ್ಜಿಯ ನಂತರ ಏನೇನು ನಡೆಯುತ್ತದೆ

ಅರ್ಜಿಯಲ್ಲಿ ಎಲ್ಲ ಸಾಲಗಳನ್ನೂ, ಸಾಲ ಕೊಟ್ಟವರ ಹೆಸರು ವಿಳಾಸಗಳನ್ನೂ, ಎಲ್ಲ ಆಸ್ತಿಯನ್ನೂ ಬರೆದುಕೊಡಬೇಕು. ಕೋರ್ಟ್ ಸಾಲ ಕೊಟ್ಟವರಿಗೆಲ್ಲ ನೋಟಿಸ್ ಕಳಿಸುತ್ತದೆ. ವಿಚಾರಣೆಯ ದಿನ ಅವರ ಎದುರಿಗೇ ನಿಮ್ಮ ಹೇಳಿಕೆ ಪಡೆಯುತ್ತಾರೆ, ಅವರೂ ಪ್ರಶ್ನೆ ಕೇಳಬಹುದು. ಎಂಟು ವರ್ಷದಿಂದ ಮುಖ ತಪ್ಪಿಸಿಕೊಂಡು ಓಡಾಡಿದ ಚಿಕ್ಕಪ್ಪನಿಗೂ ಅಲ್ಲಿ ಉತ್ತರ ಕೊಡಬೇಕು. ಕೋರ್ಟ್ ಒಪ್ಪಿ ದಿವಾಳಿ ಎಂದು ಘೋಷಿಸಿದರೆ ಅದು ಗೆಜೆಟ್‌ನಲ್ಲಿ ಪ್ರಕಟವಾಗುತ್ತದೆ. ಒಮ್ಮೆ ಹಾಕಿದ ಅರ್ಜಿಯನ್ನು ಕೋರ್ಟಿನ ಅನುಮತಿಯಿಲ್ಲದೆ ಹಿಂಪಡೆಯಲೂ ಆಗುವುದಿಲ್ಲ.

ಘೋಷಣೆಯಾದ ಕ್ಷಣದಿಂದ ಸಾಲಗಾರನ ಆಸ್ತಿ ಕೋರ್ಟಿಗೆ ಅಥವಾ ಅದು ನೇಮಿಸಿದ ರಿಸೀವರ್‌ಗೆ ಸೇರುತ್ತದೆ. ಅಡಮಾನ ಇಲ್ಲದ ಸಾಲ ಕೊಟ್ಟವರು ಇನ್ನು ಕೋರ್ಟಿನ ಅನುಮತಿಯಿಲ್ಲದೆ ಬೇರೆ ದಾವೆ ಹೂಡುವಂತಿಲ್ಲ. ಜನ ನಿರೀಕ್ಷಿಸುವ ನೆಮ್ಮದಿ ಇದೇ, ಇದು ನಿಜವಾದದ್ದೂ ಹೌದು. ಆದರೆ ಈ ರಕ್ಷಣೆ ಘೋಷಣೆಯಿಂದ ಬರುವುದು, ಅರ್ಜಿ ಕೊಟ್ಟ ದಿನದಿಂದ ತಾನಾಗಿ ಬರುವುದಿಲ್ಲ. ಡಿಕ್ರಿ ಸಾಲಕ್ಕೆ ಬಂಧನವಾಗದಂತೆ ತಡೆಯುವ ಆದೇಶವನ್ನೂ ಪ್ರತ್ಯೇಕವಾಗಿ ಕೇಳಿ ಪಡೆಯಬೇಕು. ಅಂದಹಾಗೆ ಬಂಧನದ ಭಯ ಅಗತ್ಯಕ್ಕಿಂತ ಹೆಚ್ಚಾಗಿದೆ. ಹಣದ ಡಿಕ್ರಿಗಾಗಿ ಮಹಿಳೆಯರನ್ನು ಬಂಧಿಸುವಂತೆಯೇ ಇಲ್ಲ. ಪ್ರಾಮಾಣಿಕವಾಗಿ ಕೈಯಲ್ಲಿ ಹಣವಿಲ್ಲದವರನ್ನು ಡಿಕ್ರಿ ಬಾಕಿಗಾಗಿ ಸಿವಿಲ್ ಜೈಲಿಗೆ ಹಾಕಬಾರದು ಎಂದು 1980ರಲ್ಲಿಯೇ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಎಲ್ಲ ಆಸ್ತಿಯೂ ಹೋಗುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಜಪ್ತಿಯಿಂದ ಹೊರಗಿಟ್ಟಿರುವುದು ಇಲ್ಲಿಯೂ ಉಳಿಯುತ್ತದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ಕೃಷಿಕನ ಬೇಸಾಯದ ಸಲಕರಣೆ ಮತ್ತು ವಾಸದ ಮನೆ, ಭವಿಷ್ಯ ನಿಧಿ, ಜೀವ ವಿಮೆಯಿಂದ ಬರಬೇಕಾದ ಹಣ, ಧಾರ್ಮಿಕ ಪದ್ಧತಿಯಂತೆ ಸ್ತ್ರೀ ತೆಗೆದಿಡಲಾಗದ ಆಭರಣ. ಅಂಗಡಿಕಾರನ ಪೇಟೆಯ ಮನೆಗೆ ಇಂಥ ವಿನಾಯಿತಿ ಇಲ್ಲ ಎನ್ನುವುದನ್ನು ಗಮನಿಸಿ.

ಬಹಳ ಜನರಿಗೆ ಗೊತ್ತಿಲ್ಲದ ಇನ್ನೊಂದು ಅಂಶವಿದೆ. ದಿವಾಳಿ ಘೋಷಣೆಯಾಗಿ ಬಿಡುಗಡೆ ಸಿಗುವವರೆಗಿನ ಅವಧಿಯಲ್ಲಿ ಹೊಸದಾಗಿ ಬಂದ ಆಸ್ತಿಯೂ ರಿಸೀವರ್‌ಗೆ ಸೇರುತ್ತದೆ. ಆ ನಡುವೆ ತಂದೆ ತೀರಿಕೊಂಡು ಜಮೀನಿನಲ್ಲಿ ಪಾಲು ಬಂದರೆ, ಆ ಪಾಲು ಸಾಲ ಕೊಟ್ಟವರಿಗೆ ಹೋಗುತ್ತದೆ. ವಯಸ್ಸಾದ ಹೆತ್ತವರು ಇರುವ ಮನೆಯಲ್ಲಿ ಅರ್ಜಿ ಹಾಕುವ ಮುನ್ನ ಅಣ್ಣತಮ್ಮಂದಿರು ಕೂತು ಮಾತಾಡಬೇಕಾದ ವಿಷಯ ಇದು.

ಒಂದು ಲೆಕ್ಕ ಹಾಕಿ ನೋಡೋಣ

ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ದಾವಣಗೆರೆಯಲ್ಲಿ ಜವಳಿ ಅಂಗಡಿ ಇಟ್ಟ ಒಬ್ಬರಿಗೆ ಒಟ್ಟು 60 ಲಕ್ಷ ಸಾಲ. ಮನೆ ಅಡವಿಟ್ಟು ಬ್ಯಾಂಕಿನಿಂದ ತಂದದ್ದು 22 ಲಕ್ಷ. ಸೌಹಾರ್ದ ಸಹಕಾರಿಯಿಂದ 10 ಲಕ್ಷ, ಅದಕ್ಕೆ ಭಾವಮೈದುನ ಮತ್ತು ಸೋದರಮಾವ ಜಾಮೀನು. ನೆಂಟರಿಷ್ಟರ ಕೈಗಡ 15 ಲಕ್ಷ, ಅದರಲ್ಲಿ ಇಬ್ಬರ ಬಳಿ ಇವರು ಸಹಿ ಹಾಕಿದ ಚೆಕ್ ಇದೆ. ಸೂರತ್ತಿನ ಸಗಟು ವ್ಯಾಪಾರಿಗಳಿಗೆ 9 ಲಕ್ಷ ಉದ್ರಿ ಬಾಕಿ. ಜಿ.ಎಸ್.ಟಿ. ಬಾಕಿ 4 ಲಕ್ಷ. ಆಸ್ತಿ ಎಂದರೆ 30 ಲಕ್ಷ ಬೆಲೆಯ ಮನೆ, ಮತ್ತು ಹರಾಜಿನಲ್ಲಿ 2 ಲಕ್ಷ ಬರಬಹುದಾದ ಸರಕು.

ಬ್ಯಾಂಕಿನ ವಿಷಯದಲ್ಲಿ ದಿವಾಳಿ ಅರ್ಜಿ ಏನೂ ಬದಲಿಸುವುದಿಲ್ಲ. ಅಡಮಾನ ಹೊಂದಿದವರ ಹಕ್ಕನ್ನು ಕಾಯ್ದೆ ಮುಟ್ಟುವುದಿಲ್ಲ. ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸ್ ಕೊಟ್ಟು ಬ್ಯಾಂಕ್ ಮನೆ ಹರಾಜು ಹಾಕಬಹುದು. ಮನೆ ಪೂರ್ತಿ ಬೆಲೆಗೇ ಹೋಯಿತು ಎಂದುಕೊಂಡರೂ, ಬಡ್ಡಿ ಬಿಟ್ಟು, 8 ಲಕ್ಷ ಉಳಿಯುತ್ತದೆ. ಸರಕಿನ 2 ಲಕ್ಷ ಸೇರಿಸಿದರೆ 10. ಹಂಚುವಾಗ ಮೊದಲ ಪಾಲು ಸರ್ಕಾರದ್ದು, 4 ಲಕ್ಷ. ಉಳಿದ 6 ಲಕ್ಷವನ್ನು 34 ಲಕ್ಷದ ಉಳಿದ ಸಾಲಗಳಿಗೆ ಹಂಚಬೇಕು. ರೂಪಾಯಿಗೆ ಹದಿನೇಳು ಪೈಸೆ ಚಿಲ್ಲರೆ. ರಿಸೀವರ್ ಖರ್ಚು, ಕೋರ್ಟ್ ಖರ್ಚು ಕಳೆದರೆ ಇನ್ನೂ ಕಡಿಮೆ.

ಸೌಹಾರ್ದಕ್ಕೆ 10 ಲಕ್ಷದಲ್ಲಿ ಒಂದೂಮುಕ್ಕಾಲು ಲಕ್ಷ ಸಿಗುತ್ತದೆ. ಉಳಿದ ಎಂಟೂಕಾಲು ಲಕ್ಷಕ್ಕೆ ಅವರು ಎಲ್ಲಿಗೆ ಹೋಗುತ್ತಾರೆ? ಭಾವಮೈದುನನ ಸಂಬಳಕ್ಕೆ, ಸೋದರಮಾವನ ಆಸ್ತಿಗೆ. ಅಂಗಡಿಕಾರನಿಗೆ ಕೋರ್ಟ್ ಬಿಡುಗಡೆ ಕೊಟ್ಟರೂ ಜಾಮೀನುದಾರನ, ಪಾಲುದಾರನ, ಜಂಟಿ ಸಾಲಗಾರನ ಹೊಣೆ ತಪ್ಪುವುದಿಲ್ಲ ಎಂದು ಕಾಯ್ದೆಯ 44ನೇ ಕಲಮು ನೇರವಾಗಿ ಹೇಳುತ್ತದೆ. ಕರಾರು ಕಾಯ್ದೆಯ ಪ್ರಕಾರ ಸಾಲ ತೀರಿಸಿದ ಜಾಮೀನುದಾರ ಸಾಲ ಕೊಟ್ಟವನ ಸ್ಥಾನಕ್ಕೆ ಬರುತ್ತಾನೆ, ಕಟ್ಟಿದ್ದನ್ನು ಮೂಲ ಸಾಲಗಾರನಿಂದ ವಸೂಲು ಮಾಡಬಹುದು. ಮೂಲ ಸಾಲಗಾರ ದಿವಾಳಿಯಾಗಿ ಬಿಡುಗಡೆಯೂ ಪಡೆದರೆ ಆ ಹಕ್ಕಿಗೆ ಕೊನೆಯಲ್ಲಿ ಸಿಗುವುದು ಅದೇ ಹದಿನೇಳು ಪೈಸೆಯ ಲೆಕ್ಕ. "ಮಾವ, ನೀವೊಂದು ಸಹಿ ಹಾಕಿ ಸಾಕು, ಕಟ್ಟೋದು ನಾನೇ" ಎಂದು ಹೇಳಿ ಪಡೆದ ಸಹಿಯ ಬೆಲೆ ಇಲ್ಲಿ ಗೊತ್ತಾಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ವಕೀಲರ ಬಳಿ ಹೋಗುವುದಕ್ಕೂ ಮೊದಲು ಈ ಇಬ್ಬರಿಗೆ ವಿಷಯ ತಿಳಿಸಬೇಕು. ಕೋರ್ಟಿನ ನೋಟಿಸ್ ನೋಡಿ ಅವರಿಗೆ ತಿಳಿಯುವಂತೆ ಆಗಬಾರದು.

ಚೆಕ್ ಹಿಡಿದ ಇಬ್ಬರ ಕಥೆ ಬೇರೆ. ಚೆಕ್ ಬೌನ್ಸ್ ಪ್ರಕರಣ ಕ್ರಿಮಿನಲ್ ಸ್ವರೂಪದ್ದು. ಎರಡು ವರ್ಷದವರೆಗೆ ಜೈಲು, ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ. ದಿವಾಳಿ ಘೋಷಣೆ ಅದನ್ನು ನಿಲ್ಲಿಸುವುದಿಲ್ಲ. 2016ರ ಸಂಹಿತೆಯಡಿ ಅರ್ಜಿ ಬಿದ್ದೊಡನೆ ಬರುವ ಮಧ್ಯಂತರ ತಡೆ ಕೂಡ ಚೆಕ್ ಪ್ರಕರಣಕ್ಕೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ತೀರ್ಪು ಕೊಟ್ಟಿದೆ. ಭದ್ರತೆಗೆಂದು ಕೊಟ್ಟ ಖಾಲಿ ಚೆಕ್ ಅಲ್ಲವೇ ಎಂದು ಹಗುರವಾಗಿ ತೆಗೆದುಕೊಳ್ಳಬೇಡಿ. ಸ್ವಇಚ್ಛೆಯಿಂದ ಸಹಿ ಹಾಕಿ ಕೊಟ್ಟ ಖಾಲಿ ಚೆಕ್ಕನ್ನೂ ಸಾಲ ತೀರಿಸಲು ಕೊಟ್ಟದ್ದೆಂದೇ ಕಾನೂನು ಊಹಿಸುತ್ತದೆ, ಹಾಗಲ್ಲ ಎಂದು ಸಾಬೀತು ಮಾಡುವ ಭಾರ ಸಹಿ ಹಾಕಿದವರದು. ಇಂಥ ಪ್ರಕರಣಗಳನ್ನು ರಾಜಿಯಲ್ಲಿ ಮುಗಿಸಲು ಅವಕಾಶವಿದೆ. ಇರುವ ಅಲ್ಪ ಹಣದಲ್ಲಿ ಯಾರೊಂದಿಗೆ ಮೊದಲು ಮಾತಾಡಬೇಕು ಎಂದು ಯೋಚಿಸುವಾಗ ಚೆಕ್ ಹಿಡಿದವರು ಮುಂದಿರುವುದು ಇದಕ್ಕೇ.

ಸರ್ಕಾರಕ್ಕೆ ಕೊಡಬೇಕಾದ ಬಾಕಿ, ವಂಚನೆಯಿಂದ ಅಥವಾ ವಿಶ್ವಾಸದ್ರೋಹದಿಂದ ಉಂಟಾದ ಸಾಲ, ಹೆಂಡತಿ ಮಕ್ಕಳ ಜೀವನಾಂಶ, ಇವು ಬಿಡುಗಡೆಯ ನಂತರವೂ ಉಳಿಯುತ್ತವೆ. ಬಸದಿಯ ಅಥವಾ ವಿದ್ಯಾರ್ಥಿನಿಲಯದ ಟ್ರಸ್ಟಿನ ಖಜಾಂಚಿಯಾಗಿದ್ದವರು ಆ ಹಣವನ್ನು ಅಂಗಡಿಗೆ ತಿರುಗಿಸಿದ್ದರೆ ಅದು ಕೈಗಡ ಆಗುವುದಿಲ್ಲ. ಅದನ್ನು ಅಳಿಸುವ ಅರ್ಜಿ ಯಾವುದೂ ಇಲ್ಲ.

ಬಿಡುಗಡೆ ಯಾರಿಗೆ ಸಿಗುತ್ತದೆ

ದಿವಾಳಿ ಘೋಷಿಸುವಾಗಲೇ ಕೋರ್ಟ್ ಒಂದು ಅವಧಿ ಹೇಳುತ್ತದೆ. ಅಷ್ಟರೊಳಗೆ ಬಿಡುಗಡೆ ಆದೇಶಕ್ಕಾಗಿ ಇನ್ನೊಂದು ಅರ್ಜಿ ಹಾಕಬೇಕು. ಹಾಕದಿದ್ದರೆ ಘೋಷಣೆಯೇ ರದ್ದಾಗುತ್ತದೆ, ರಕ್ಷಣೆಯೂ ಹೋಗುತ್ತದೆ, ಮತ್ತೆ ಅರ್ಜಿ ಹಾಕಲು ಕೋರ್ಟಿನ ಅನುಮತಿ ಬೇಕಾಗುತ್ತದೆ. ಮೊದಲ ಆದೇಶ ಕೈಗೆ ಬಂದೊಡನೆ ಕೆಲಸ ಮುಗಿಯಿತೆಂದು ಸುಮ್ಮನೆ ಕೂರುವವರಿಗೆ ಆಗುವ ಗತಿ ಇದು.

ಬಿಡುಗಡೆ ಅರ್ಜಿಯ ವಿಚಾರಣೆಯಲ್ಲಿ 42ನೇ ಕಲಮು ಮುಖ್ಯ. ಆಸ್ತಿಯಿಂದ ಸಾಲಗಳಿಗೆ ರೂಪಾಯಿಗೆ ಎಂಟಾಣೆಯಷ್ಟೂ ಹುಟ್ಟದಿದ್ದರೆ, ಅದು ತನ್ನ ತಪ್ಪಿನಿಂದ ಆದದ್ದಲ್ಲ ಎಂದು ಸಾಲಗಾರ ತೋರಿಸದ ಹೊರತು, ಪೂರ್ಣ ಬಿಡುಗಡೆ ಕೊಡುವಂತಿಲ್ಲ. ನಮ್ಮ ದಾವಣಗೆರೆಯವರ ಲೆಕ್ಕ ಹದಿನೇಳು ಪೈಸೆಯಲ್ಲಿ ನಿಂತಿದೆ, ಹಾಗಾಗಿ ಅವರು ಇದಕ್ಕೆ ಉತ್ತರ ಕೊಡಲೇಬೇಕು. ಹಿಂದಿನ ಮೂರು ವರ್ಷ ವ್ಯಾಪಾರಕ್ಕೆ ತಕ್ಕ ಲೆಕ್ಕಪುಸ್ತಕ ಇಟ್ಟಿರದಿದ್ದರೆ, ಮುಳುಗಿದ್ದೇನೆಂದು ತಿಳಿದ ಮೇಲೂ ವ್ಯಾಪಾರ ಮುಂದುವರಿಸಿದ್ದರೆ, ತೀರಿಸುವ ಭರವಸೆಯೇ ಇಲ್ಲದೆ ಸಾಲ ತಂದಿದ್ದರೆ, ಸಟ್ಟಾ ಜೂಜು ಅಥವಾ ಅತಿಯಾದ ದುಂದುವೆಚ್ಚದಿಂದ ಈ ಸ್ಥಿತಿ ಬಂದಿದ್ದರೆ, ಒಬ್ಬ ಸಾಲಿಗನಿಗೆ ಮಾತ್ರ ಕದ್ದು ತೀರಿಸಿದ್ದರೆ ಪೂರ್ಣ ಬಿಡುಗಡೆ ಇಲ್ಲ. ಕೋರ್ಟ್ ಬಿಡುಗಡೆಯನ್ನು ನಿರಾಕರಿಸಬಹುದು, ಮುಂದೂಡಬಹುದು, ಅಥವಾ ಮುಂದಿನ ಗಳಿಕೆಯಲ್ಲಿ ಇಷ್ಟು ಕಟ್ಟಬೇಕೆಂದು ಷರತ್ತು ಹಾಕಬಹುದು.

ಈ ಪಟ್ಟಿಯನ್ನು ಮತ್ತೊಮ್ಮೆ ಓದಿ. ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ಕಳೆದುಕೊಂಡು, ಆ ನಷ್ಟ ತುಂಬಲು ನೆಂಟರಿಂದ ಕೈಗಡ ತಂದವರಿಗೆ ಈ ದಾರಿ ಎಷ್ಟು ಕಿರಿದು ಎಂದು ತಿಳಿಯುತ್ತದೆ. ಮಗಳ ಮದುವೆಯನ್ನು ಸಾಲದಲ್ಲಿ ಅದ್ದೂರಿಯಾಗಿ ಮಾಡಿದವರನ್ನೂ ಕೋರ್ಟ್ ಪ್ರಶ್ನಿಸಬಹುದು. ಎದುರು ಭಾಗದಲ್ಲಿ, ಕೋವಿಡ್ ವರ್ಷಗಳಲ್ಲಿ ಅಂಗಡಿ ಮುಚ್ಚಿ ಸೋತವರು, ದೊಡ್ಡ ಗಿರಾಕಿಯೊಬ್ಬ ಕೈಕೊಟ್ಟು ಮುಳುಗಿದವರು, ಮನೆಯವರ ಕಾಯಿಲೆಗೆ ಆಸ್ಪತ್ರೆಗೆ ಸುರಿದವರು ಅದನ್ನು ಕಾಗದಪತ್ರದಲ್ಲಿ ತೋರಿಸಬಲ್ಲರಾದರೆ ಅವರಿಗಾಗಿಯೇ ಈ ಕಾನೂನು ಇದೆ. ವ್ಯಾಪಾರ ಹೇಗೇ ಇರಲಿ, ಕೀರ್ದಿ ಖಾತೆ ಬಿಡದೆ ಬರೆದವರು ಇಲ್ಲಿ ಅರ್ಧ ಗೆದ್ದಂತೆ.

ಬಿಡುಗಡೆ ಸಿಗುವವರೆಗೆ ಶಾಸಕ, ಸಂಸದ ಆಗುವಂತಿಲ್ಲ, ಕಂಪನಿಯ ನಿರ್ದೇಶಕರಾಗುವಂತಿಲ್ಲ. ಪಾಲುದಾರಿಕೆ ಸಂಸ್ಥೆಯಲ್ಲಿದ್ದರೆ ಘೋಷಣೆಯ ದಿನದಿಂದಲೇ ಪಾಲುದಾರಿಕೆ ಕೊನೆಯಾಗುತ್ತದೆ. ಅನೇಕ ಟ್ರಸ್ಟುಗಳ ಡೀಡ್‌ನಲ್ಲಿ ದಿವಾಳಿಯಾದವರು ಟ್ರಸ್ಟಿಯಾಗಿ ಮುಂದುವರಿಯಬಾರದು ಎಂಬ ಷರತ್ತು ಇರುತ್ತದೆ, ನಿಮ್ಮ ಸಂಸ್ಥೆಯ ಡೀಡ್ ತೆಗೆದು ನೋಡಿ. ದಿವಾಳಿ ಎಂದು ತಿಳಿಸದೆ 50 ರೂಪಾಯಿ ಉದ್ರಿ ತಂದರೂ ಅಪರಾಧ. 1920ರ ಐವತ್ತು ರೂಪಾಯಿ ಅದು, ಆದರೆ ಕಾನೂನು ಇಂದಿಗೂ ಹಾಗೆಯೇ ಇದೆ.

ಆಸ್ತಿ ಹೆಂಡತಿಯ ಹೆಸರಿಗೆ ಮಾಡಿಬಿಟ್ಟರೆ?

ಪ್ರತಿ ಊರಿನಲ್ಲೂ ಈ ಸಲಹೆ ಕೊಡುವವರು ಒಬ್ಬರು ಇದ್ದೇ ಇರುತ್ತಾರೆ. ಅರ್ಜಿ ಹಾಕುವುದಕ್ಕೆ ಹಿಂದಿನ ಎರಡು ವರ್ಷದೊಳಗೆ ಬೆಲೆ ಪಡೆಯದೆ ಮಾಡಿದ ದಾನಪತ್ರ, ಹಕ್ಕು ಬಿಡುಗಡೆ ಪತ್ರಗಳನ್ನು ಕೋರ್ಟ್ ರದ್ದು ಮಾಡಬಹುದು. ಮೂರು ತಿಂಗಳೊಳಗೆ ಒಬ್ಬ ಸಾಲಿಗನಿಗೆ ಅನುಕೂಲ ಮಾಡಿಕೊಡಲೆಂದೇ ಕೊಟ್ಟ ಹಣ ಅಥವಾ ಬರೆದ ಪತ್ರವೂ ನಿಲ್ಲುವುದಿಲ್ಲ. ಆಸ್ತಿ ಮುಚ್ಚಿಟ್ಟರೆ, ಲೆಕ್ಕ ತಿದ್ದಿದರೆ ಒಂದು ವರ್ಷದವರೆಗೆ ಜೈಲು. ದಾನಪತ್ರಗಳಿಗೆ ಅನ್ವಯಿಸುವ ಈ ನಿಯಮದಲ್ಲಿ ಧರ್ಮಕಾರ್ಯಕ್ಕೆ ವಿನಾಯಿತಿ ಬರೆದಿಲ್ಲ. ಬಸದಿಗೋ ತ್ಯಾಗಿ ನಿವಾಸಕ್ಕೋ ಆ ಎರಡು ವರ್ಷದಲ್ಲಿ ಬರೆದುಕೊಟ್ಟ ಜಮೀನನ್ನೂ ಪ್ರಶ್ನಿಸಬಹುದು. ದಾನ ಪಡೆಯುವ ಸಮಿತಿಗಳೂ ಇದನ್ನು ತಿಳಿದಿರುವುದು ಒಳ್ಳೆಯದು.

ಹೆಂಡತಿಯದೇ ಆದದ್ದು ಬೇರೆ. ತವರಿನಿಂದ ಬಂದ ಒಡವೆ, ಅವಳ ಸಂಬಳದಿಂದ ಕೊಂಡ ನಿವೇಶನ ಗಂಡನ ಸಾಲಕ್ಕೆ ಹೋಗುವುದಿಲ್ಲ. ಅವಳು ಸಹಸಾಲಗಾರಳಾಗಿ ಬ್ಯಾಂಕಿನಲ್ಲಿ ಸಹಿ ಹಾಕಿದ್ದರೆ ಮಾತ್ರ ಆ ರಕ್ಷಣೆ ಇಲ್ಲ.

ಮಕ್ಕಳ ವಿಷಯದಲ್ಲಿ ಹಳೆಯ ನಂಬಿಕೆ ಇನ್ನೂ ಹೋಗಿಲ್ಲ. ತಂದೆಯ ಸಾಲ ಮಗ ತೀರಿಸಲೇಬೇಕು ಎಂಬ ಧಾರ್ಮಿಕ ಹೊಣೆಯ ತತ್ವವನ್ನು ಕಾನೂನು ಈಗ ಒಪ್ಪುವುದಿಲ್ಲ. ಜೈನರಿಗೂ ಅನ್ವಯಿಸುವ ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ತಿದ್ದುಪಡಿಯ ನಂತರ ಮಾಡಿದ ಸಾಲಕ್ಕೆ, ಮಗ ಎಂಬ ಒಂದೇ ಕಾರಣಕ್ಕೆ ಮಗನ ಮೇಲೆ ದಾವೆ ನಡೆಯದು. ತಂದೆಯಿಂದ ಬಂದ ಆಸ್ತಿ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಸಾಲದ ಹೊಣೆ ಹಿಂಬಾಲಿಸುತ್ತದೆ. ಅವಿಭಕ್ತ ಕುಟುಂಬದ ವ್ಯಾಪಾರಕ್ಕೆಂದು ಯಜಮಾನ ಮಾಡಿದ ಸಾಲ ಮಾತ್ರ ಕುಟುಂಬದ ಆಸ್ತಿಯನ್ನು ಹಿಡಿಯುತ್ತದೆ. ನಮ್ಮಲ್ಲಿ ಎಷ್ಟೋ ಅಂಗಡಿಗಳು ಹೀಗೇ ನಡೆಯುವುದರಿಂದ ವಕೀಲರ ಮುಂದೆ ಮೊದಲು ಹೇಳಬೇಕಾದ್ದು ಅಂಗಡಿ ಯಾರ ಹೆಸರಿನಲ್ಲಿದೆ, ಬಂಡವಾಳ ಎಲ್ಲಿಂದ ಬಂತು ಎನ್ನುವುದನ್ನು.

ಕಂಪನಿ ಮಾಡಿಕೊಂಡವರಿಗೆ

ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡರೆ ಮನೆ ಸುರಕ್ಷಿತ ಎಂದು ತಿಳಿದವರು ಬ್ಯಾಂಕಿನ ಜಾಮೀನು ಪತ್ರವನ್ನು ಓದಿರುವುದಿಲ್ಲ. ನಿರ್ದೇಶಕರ ವೈಯಕ್ತಿಕ ಜಾಮೀನು ಇಲ್ಲದೆ ಸಣ್ಣ ಕಂಪನಿಗೆ ಸಾಲ ಸಿಗುವುದು ಅಪರೂಪ. ಹೀಗೆ ಸಹಿ ಹಾಕಿದವರ ಮೇಲೆ ಬ್ಯಾಂಕ್ 2016ರ ಸಂಹಿತೆಯಡಿ ಹೋಗಬಹುದು. ಕಂಪನಿಯ ಪ್ರಕ್ರಿಯೆ ನಡೆಯುತ್ತಿದ್ದರೆ ಇದೂ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿಯ ಮುಂದೆಯೇ ಬರುತ್ತದೆ. ಲಲಿತ್ ಕುಮಾರ್ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಮೇ 21ರಂದು ಈ ವ್ಯವಸ್ಥೆಯನ್ನು ಎತ್ತಿಹಿಡಿಯಿತು. ಕಂಪನಿಯ ಸಾಲ ಪರಿಹಾರ ಯೋಜನೆ ಒಪ್ಪಿಗೆಯಾದ ಮಾತ್ರಕ್ಕೆ ಜಾಮೀನುದಾರನ ಹೊಣೆ ಮುಗಿಯುವುದಿಲ್ಲ ಎಂದೂ ಹೇಳಿತು. ಈ ಸಂಹಿತೆಯಲ್ಲಿ ಒಂದು ಒಳ್ಳೆಯ ಅಂಶವಿದೆ: ಜಾಮೀನುದಾರ ಮರುಪಾವತಿ ಯೋಜನೆಯೊಂದನ್ನು ಮುಂದಿಡಬಹುದು, ಮೌಲ್ಯದಲ್ಲಿ ನಾಲ್ಕನೇ ಮೂರು ಭಾಗಕ್ಕಿಂತ ಹೆಚ್ಚು ಸಾಲಿಗರು ಒಪ್ಪಿದರೆ ಅದು ನಡೆಯುತ್ತದೆ.

ಕೋರ್ಟಿಗೆ ಹೋಗದೆ

ದಾವಣಗೆರೆಯ ಲೆಕ್ಕಕ್ಕೆ ಮರಳಿದರೆ, ನನಗೆ ಕಾಣುವ ಮೊದಲ ದಾರಿ ಹರಾಜಿಗೆ ಕಾಯದೆ ಮನೆಯನ್ನು ಬ್ಯಾಂಕಿನ ಒಪ್ಪಿಗೆಯೊಂದಿಗೆ ತಾವೇ ಮಾರುವುದು. ಹರಾಜಿನಲ್ಲಿ ಪೂರ್ತಿ ಬೆಲೆ ಬರುವುದು ಕಡಿಮೆ. ಬ್ಯಾಂಕುಗಳಿಗೆ ರಾಜಿ ಇತ್ಯರ್ಥ ಮಾಡಿಕೊಳ್ಳಲು ರಿಸರ್ವ್ ಬ್ಯಾಂಕ್ 2023ರ ಜೂನ್‌ನಲ್ಲಿ ಸ್ಪಷ್ಟ ಚೌಕಟ್ಟು ಕೊಟ್ಟಿದೆ. ಒಂದೇ ಬಾರಿಗೆ ಕಟ್ಟುವ ಓ.ಟಿ.ಎಸ್. ಪ್ರಸ್ತಾಪವನ್ನು ಬರಹದಲ್ಲಿ ಕೊಡಿ, ಒಪ್ಪಿಗೆಯನ್ನೂ ಬರಹದಲ್ಲೇ ಪಡೆಯಿರಿ. ಸಿಬಿಲ್ ವರದಿಯಲ್ಲಿ 'ಸೆಟಲ್ಡ್' ಎಂದು ದಾಖಲಾಗುತ್ತದೆ, ಕೆಲವು ವರ್ಷ ಹೊಸ ಸಾಲ ಕಷ್ಟ. ಆದರೆ ದಿವಾಳಿ ಘೋಷಣೆಗಿಂತ ಇದು ಹಗುರ.

ಎರಡನೆಯದು ಉಳಿದ ಸಾಲಿಗರನ್ನು ಒಟ್ಟಿಗೆ ಕೂರಿಸುವುದು. ಸಮಾಜದ ಹಿರಿಯರು, ಒಬ್ಬ ಲೆಕ್ಕಪರಿಶೋಧಕರು ಜೊತೆಗಿದ್ದು, ಪೂರ್ತಿ ಪಟ್ಟಿಯನ್ನು ಎಲ್ಲರ ಮುಂದೆ ಇಟ್ಟರೆ, ಕೋರ್ಟಿನಲ್ಲಿ ವರ್ಷಗಟ್ಟಲೆ ಕಾದು ಹದಿನೇಳು ಪೈಸೆ ಪಡೆಯುವುದಕ್ಕಿಂತ ಐದು ವರ್ಷದ ಕಂತಿನಲ್ಲಿ ನಲವತ್ತು ಪೈಸೆ ಪಡೆಯುವುದು ಮೇಲು ಎಂದು ಹೆಚ್ಚಿನವರಿಗೆ ಅನಿಸುತ್ತದೆ. ಪಟ್ಟಿ ಪೂರ್ತಿ ಇರಬೇಕು. ಒಬ್ಬರ ಹೆಸರು ಮುಚ್ಚಿಟ್ಟರೂ ನಂಬಿಕೆ ಮುರಿಯುತ್ತದೆ. ಒಪ್ಪಂದವನ್ನು ಲೋಕ ಅದಾಲತ್‌ನಲ್ಲಿ ದಾಖಲಿಸಿದರೆ ಅದು ಡಿಕ್ರಿಯಂತೆ ಎರಡೂ ಕಡೆಯವರನ್ನು ಕಟ್ಟುತ್ತದೆ, ಅದರ ಮೇಲೆ ಅಪೀಲೂ ಇಲ್ಲ. ಇಬ್ಬರು ಮೂವರು ಹಠ ಹಿಡಿದರೆ ಆಗ ದಿವಾಳಿ ಅರ್ಜಿಯೇ ಉಪಯೋಗಕ್ಕೆ ಬರುತ್ತದೆ: ಸಾಲ ಸಾಬೀತುಪಡಿಸಿದ ಸಾಲಿಗರಲ್ಲಿ ಸಂಖ್ಯೆಯಲ್ಲಿ ಬಹುಪಾಲು, ಮೊತ್ತದಲ್ಲಿ ನಾಲ್ಕನೇ ಮೂರು ಪಾಲು ಜನ ಒಪ್ಪಿ ಕೋರ್ಟ್ ಮಂಜೂರು ಮಾಡಿದ ರಾಜಿ ಉಳಿದವರನ್ನೂ ಕಟ್ಟುತ್ತದೆ.

ವಸೂಲಿಗೆ ಬರುವವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ ಎಂದು ಬ್ಯಾಂಕುಗಳಿಗೂ ಫೈನಾನ್ಸ್ ಕಂಪನಿಗಳಿಗೂ ರಿಸರ್ವ್ ಬ್ಯಾಂಕ್ ನಿಯಮವಿದೆ. ಮೈಕ್ರೋ ಫೈನಾನ್ಸ್ ಮತ್ತು ಸಣ್ಣ ಸಾಲದವರ ಕಿರುಕುಳದ ವಿರುದ್ಧ ರಾಜ್ಯ ಸರ್ಕಾರ 2025ರಲ್ಲಿ ಪ್ರತ್ಯೇಕ ಕಾನೂನನ್ನೇ ತಂದಿದೆ. ಕಿರುಕುಳದಿಂದ ತಪ್ಪಿಸಿಕೊಳ್ಳಲೆಂದೇ ದಿವಾಳಿ ಅರ್ಜಿ ಯೋಚಿಸುತ್ತಿದ್ದರೆ ಮೊದಲು ಪೊಲೀಸ್ ದೂರು ಕೊಡಿ. ವಕೀಲರ ಶುಲ್ಕಕ್ಕೂ ಕಷ್ಟವಿದ್ದರೆ ಜಿಲ್ಲಾ ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಮಹಿಳೆಯರಿಗೂ ಕಡಿಮೆ ಆದಾಯದವರಿಗೂ ಉಚಿತ ನೆರವು ಉಂಟು. ಸಹಾಯವಾಣಿ 15100.

ಜಾಮೀನು ನಿಂತವರಿಗೆ ಇನ್ನೆರಡು ಮಾತು. ಮೂಲ ಸಾಲಗಾರ ಕಂತು ತಪ್ಪಿಸಿದ್ದಾನೆಂದು ತಿಳಿದ ದಿನವೇ ಸಹಕಾರಿಗೆ ಹೋಗಿ ಬಾಕಿಯ ಲೆಕ್ಕ ಬರಹದಲ್ಲಿ ಕೇಳಿ. ಅಸಲು ಸಣ್ಣದಿರುವಾಗಲೇ ಬಡ್ಡಿ ಬಿಡಿಸಿಕೊಂಡು ಇತ್ಯರ್ಥ ಮಾಡಿಕೊಂಡರೆ ಮುಂದೆ ಕಟ್ಟಬೇಕಾದ ಮೊತ್ತ ಕಡಿಮೆಯಾಗುತ್ತದೆ. ಕಟ್ಟಿದ ಪ್ರತಿ ರೂಪಾಯಿಗೂ ಜಾಮೀನುದಾರನಾಗಿ ಕಟ್ಟಿದ್ದು ಎಂದು ಬರೆಸಿ ರಸೀದಿ ಪಡೆಯಿರಿ. ಮೂಲ ಸಾಲಗಾರ ದಿವಾಳಿ ಅರ್ಜಿ ಹಾಕಿದರೆ ಆ ರಸೀದಿಗಳೊಂದಿಗೆ ನೀವೂ ಕೋರ್ಟಿನಲ್ಲಿ ಸಾಲಿಗರಾಗಿ ಹೆಸರು ನೋಂದಾಯಿಸಬೇಕು. ಹೆಸರಿಲ್ಲದವರಿಗೆ ಆ ಹದಿನೇಳು ಪೈಸೆಯೂ ಬರುವುದಿಲ್ಲ.